ಬೆಳಕೆಯಿಂದ ಕುಮಟಾ ತನಕ: ಊರಿನ ಆಡಳಿತ ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಯಾರ ಬಾಗಿಲು?

ಬೆಳಕೆಯಲ್ಲಿ ರಸ್ತೆ ಬದಿಯ ದೀಪ ಉರಿಯುತ್ತಿಲ್ಲ. ಯಾರಿಗೆ ಹೇಳುವುದು? ಬಲ್ಬು ಗ್ರಾಮ ಪಂಚಾಯ್ತಿಯದ್ದು, ಕಂಬ ಮತ್ತು ತಂತಿ ಹೆಸ್ಕಾಂನದ್ದು. ದೀಪ ಹೆದ್ದಾರಿಯ ಮೇಲಿದ್ದರೆ ಹೆದ್ದಾರಿ ಪ್ರಾಧಿಕಾರ ಮತ್ತು ಅದರ ಗುತ್ತಿಗೆ ಕಂಪನಿಯದ್ದು. ಮೂರು ಕಡೆ ಹೋಗಿ ಬಂದವರಿಗೆ ಸಿಗುವ ಉತ್ತರ ಮಾತ್ರ ಒಂದೇ: "ಅದು ನಮ್ಗೆ ಬರೂದಿಲ್ಲ". ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನಲ್ಲಿ ಜನ ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲಿ ಅರ್ಧಕ್ಕರ್ಧ ಕಾರಣ, ಯಾವ ಕೆಲಸ ಯಾರದ್ದು ಎಂಬುದು ಗೊತ್ತಿಲ್ಲದೇ ಇರುವುದು. ಇನ್ನರ್ಧ ಕಾರಣ ಗೊತ್ತಿದ್ದವರು ಹೇಳದೇ ಇರುವುದು.

ಬೆಳಕೆ ಇರುವ ಜಾಗವೇ ಹಾಗೆ. ಭಟ್ಕಳ ಪೇಟೆಯಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಹೋದರೆ ಈ ಕಡೆ ಉತ್ತರ ಕನ್ನಡ, ಸ್ವಲ್ಪ ಮುಂದೆ ಹೋದರೆ ಉಡುಪಿ ಜಿಲ್ಲೆಯ ಶಿರೂರು. (2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲೂಕಿನದ್ದು. ದೂರದ ಸಂಬಂಧಿಕರು ಇಂದಿಗೂ ಎರಡನ್ನೂ ಒಂದೇ ಮಾಡಿ ಫೋನ್ ಮಾಡುತ್ತಾರೆ.) ಗಡಿ ದಾಟಿದ ಕೂಡಲೇ ಕರೆಂಟು ಮೆಸ್ಕಾಂನದ್ದಾಗುತ್ತದೆ, ಕಂದಾಯ ವಿಭಾಗ ಮೈಸೂರಾಗುತ್ತದೆ, ಹೈಕೋರ್ಟ್ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಈ ಕಡೆಯವರಿಗೆ ಹೆಸ್ಕಾಂ, ಬೆಳಗಾವಿ ವಿಭಾಗ, ಧಾರವಾಡ ಪೀಠ. ಮದುವೆ ಸಂಬಂಧ, ಮೀನು ವ್ಯಾಪಾರ, ಆಸ್ಪತ್ರೆ ಎಲ್ಲ ಕುಂದಾಪುರ, ಮಣಿಪಾಲದ ಕಡೆಗೆ. ಸರ್ಕಾರಿ ಕಾಗದ ಮಾತ್ರ ನೂರಿಪ್ಪತ್ತು ಕಿಲೋಮೀಟರಿಗೂ ದೂರದ ಕಾರವಾರಕ್ಕೆ.

ಮಾಮ್ಲೇದಾರರಿಂದ ಪಿಡಿಒ ತನಕ

ಹಳೆಯ ತಲೆಮಾರಿನವರು ಈಗಲೂ ತಹಶೀಲ್ದಾರ ಕಚೇರಿಗೆ ಮಾಮ್ಲೇದಾರ ಕಚೇರಿ ಎನ್ನುತ್ತಾರೆ. ಇದು ಮುಂಬೈ ಆಡಳಿತದ ನೆನಪು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈಗೆ ಸೇರಿಸಿದ್ದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಭಟ್ಕಳ ಪೂರ್ಣ ತಾಲೂಕೂ ಅಲ್ಲ, ಹೊನ್ನಾವರದ ಕೆಳಗಿನ ಪೇಟಾ ಆಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1959ರ ಕಾಯ್ದೆಯಿಂದ ಇಡೀ ರಾಜ್ಯಕ್ಕೆ ಒಂದೇ ಮಾದರಿಯ ಪಂಚಾಯ್ತಿ ವ್ಯವಸ್ಥೆ ಆಯಿತು.

ಹಣ ಮತ್ತು ಅಧಿಕಾರ ಹಳ್ಳಿಗೆ ಇಳಿದದ್ದು ನಂತರ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಇದೇ ಜಿಲ್ಲೆಯ ಸಿದ್ದಾಪುರದವರು. ಅವರ ಸಂಪುಟದಲ್ಲಿ ಪಂಚಾಯತ್ ರಾಜ್ ಖಾತೆ ಹೊತ್ತ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡರು. 1983ರ ಮಸೂದೆಯಿಂದ ಬಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಾಗಿದ್ದೂ ಆಗಲೇ. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ 1993ರ ಕಾಯ್ದೆ ಬಂತು. ಈಗಿನ ಗ್ರಾಮ, ತಾಲೂಕು, ಜಿಲ್ಲಾ ಪಂಚಾಯ್ತಿ ಎಂಬ ಮೂರು ಮೆಟ್ಟಿಲು ಅದರದ್ದೇ. ಕಾಯ್ದೆಯ ಹೆಸರಿಗೆ ಇತ್ತೀಚೆಗೆ 'ಗ್ರಾಮ ಸ್ವರಾಜ್' ಎಂಬುದು ಸೇರಿಕೊಂಡಿದೆ.

ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಲೆಕ್ಕ. ಉತ್ತರ ಕನ್ನಡದಂಥ ಮಲೆನಾಡು ಜಿಲ್ಲೆಗಳಲ್ಲಿ ಮನೆಗಳು ದೂರದೂರ ಇರುವುದರಿಂದ ಎರಡೂವರೆ ಸಾವಿರ ಜನರಿಗೂ ಒಂದು ಪಂಚಾಯ್ತಿ ಮಾಡಲು ಅವಕಾಶ ಇದೆ. ಬಯಲುಸೀಮೆಯಲ್ಲಿ ಐದರಿಂದ ಏಳು ಸಾವಿರ ಬೇಕು. ಅದಕ್ಕೇ ಜಿಲ್ಲೆಯಲ್ಲಿ ಸುಮಾರು 230 ಪಂಚಾಯ್ತಿಗಳಿವೆ. ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಫಲಿತಾಂಶ ಬಂದ ಸಂಜೆ ಮಾತ್ರ ಎಲ್ಲ ಪಕ್ಷದವರೂ "ನಮ್ಮ ಬೆಂಬಲಿತರೇ ಹೆಚ್ಚು" ಎಂದು ಪಟ್ಟಿ ಕೊಡುತ್ತಾರೆ, ಒಂದೇ ಹೆಸರು ಎರಡು ಪಟ್ಟಿಯಲ್ಲಿ ಇರುವುದೂ ಉಂಟು.

ಕೂಟ, ಜಮಾತ್, ಕೇರಿ

ಪಂಚಾಯ್ತಿ ಬರುವ ಮೊದಲೇ ಇಲ್ಲಿ ಊರು ನಡೆಸುವ ಕ್ರಮ ಇತ್ತು, ಈಗಲೂ ಇದೆ. ಕುಮಟಾ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಸಲಹೆ ಹೇಳುವ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ ಎಂದು ಮೂರು ಹೊಣೆ. ಕೊಪ್ಪಗಳ ಮೇಲೆ ಸೀಮೆ, ಸೀಮೆಗೆ ಅದರದ್ದೇ ಗೌಡ. ಮದುವೆ, ಹಬ್ಬ, ಗಡಿ ತಕರಾರು ಎಲ್ಲ ಮೊದಲು ಇವರ ಮುಂದೆ. ನಾಮಧಾರಿ ಸಮಾಜದವರಿಗೆ ಕೂಟಗಳು, ಭಟ್ಕಳದಲ್ಲಿ ಆಸರಕೇರಿಯ ಗುರುಮಠ. ನವಾಯತರಿಗೆ ಕೇರಿಗೊಂದು ಜಮಾತ್, ಅವುಗಳನ್ನೆಲ್ಲ ಕೂಡಿಸುವ ಮಜ್ಲಿಸೆ ಇಸ್ಲಾಹ್ ವ ತಂಝೀಂ. 1912ರಲ್ಲಿ ಹುಟ್ಟಿದ ತಂಝೀಂಗೆ ಈಗ ನೂರು ದಾಟಿದೆ. 1919ರಲ್ಲಿ ಶುರುವಾದ ಅಂಜುಮನ್ ಶಾಲೆ, ಕಾಲೇಜುಗಳನ್ನು ನಡೆಸುತ್ತಿದೆ. ಚುನಾವಣೆ ಹತ್ತಿರ ಬಂದರೆ ಗುರುಮಠದ ಕಡೆಗೂ ತಂಝೀಂ ಕಡೆಗೂ ಎಲ್ಲ ಪಕ್ಷದ ಕಾರುಗಳು ಹೋಗಿ ಬರುತ್ತವೆ. ಮೀನುಗಾರರ ಕೇರಿಗಳಲ್ಲಿ, ಗೊಂಡರ ಮಜಿರೆಗಳಲ್ಲಿ, ಹವ್ಯಕರ ಸೀಮೆಗಳಲ್ಲಿ ಹೆಸರು ಬೇರೆ, ಕೆಲಸ ಹೆಚ್ಚುಕಮ್ಮಿ ಇದೇ.

ಕೂಟದ ಮಾತು ಬೇಗ ಮುಗಿಯುತ್ತದೆ, ಖರ್ಚಿಲ್ಲ, ಎರಡೂ ಕಡೆಯವರ ಅಜ್ಜನ ಕಾಲದ ಕತೆ ಕೂತವರಿಗೆ ಗೊತ್ತಿರುತ್ತದೆ. ಆದರೆ ಕೂಟದಲ್ಲಿ ಕೂರುವವರು ಗಂಡಸರೇ. ಬೇರೆ ಜಾತಿಯವನ ಬೇಲಿ ತಕರಾರು ಅಲ್ಲಿ ಬಗೆಹರಿಯುವುದಿಲ್ಲ, ಬಗೆಹರಿದದ್ದಕ್ಕೆ ಕಾಗದವೂ ಇರುವುದಿಲ್ಲ. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರದ್ದು, ಮೀಸಲಾತಿಯಿಂದ ಗೊಂಡ, ಹಳ್ಳೇರ ಕೇರಿಯವರೂ ಅಧ್ಯಕ್ಷರ ಕುರ್ಚಿಗೆ ಬರಬಹುದು. ಕುರ್ಚಿಯಲ್ಲಿ ಅಧ್ಯಕ್ಷೆ, ಪಕ್ಕದ ಕುರ್ಚಿಯಲ್ಲಿ ಅವರ ಗಂಡ ಕೂತು ಮಾತಾಡುವುದು ಕೆಲವು ಕಡೆ ನಿಂತಿಲ್ಲ. ಸಭೆಯಲ್ಲಿ ಆತನಿಗೆ ಕೂರುವ ಹಕ್ಕೇ ಇಲ್ಲ ಎಂದು ಎದ್ದು ಹೇಳುವವರು ಕಡಿಮೆ.

ಭಟ್ಕಳದ ವಿಷಯಕ್ಕೆ ಬಂದರೆ ಶಾಂತಿಸಭೆಯನ್ನು ಬಿಟ್ಟು ಮಾತಾಡುವಂತಿಲ್ಲ. 1993ರಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಯಲ್ಲಿ ಪ್ರಾಣಹಾನಿ ಆಯಿತು, ಅಂಗಡಿಗಳು ಸುಟ್ಟವು. ತನಿಖೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. 1996ರಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಹತ್ಯೆಯಾಯಿತು. ಆಗ ಬಾಗಿಲು ಹಾಕಿ ಕೂತ ದಿನಗಳ ಲೆಕ್ಕ ಪೇಟೆಯ ಹಳೇ ವ್ಯಾಪಾರಸ್ಥರಿಗೆ ಬಾಯಿಪಾಠ. ಹಬ್ಬ, ಮೆರವಣಿಗೆಗೆ ಮೊದಲು ಪೊಲೀಸರು, ಸಹಾಯಕ ಆಯುಕ್ತರು ಎಲ್ಲ ಸಮಾಜದ ಮುಖಂಡರನ್ನು ಕರೆದು ಕೂರಿಸುವ ಸಭೆ ಈಗ ಒಂದು ಸಂಸ್ಥೆಯೇ ಆಗಿಬಿಟ್ಟಿದೆ. ಅದು ಬರೀ ಚಾ ಕುಡಿದು ಬರುವ ಸಭೆ ಎಂದು ನಗುವವರಿದ್ದಾರೆ. ಮಾರಿಜಾತ್ರೆಯ ಮೂರ್ತಿ ಯಾವ ದಾರಿಯಲ್ಲಿ ಜಾಲಿ ಸಮುದ್ರಕ್ಕೆ ಹೋಗಬೇಕು, ಯಾವ ಹೊತ್ತಿಗೆ ಎಲ್ಲಿ ವಾಹನ ನಿಲ್ಲಬೇಕು ಎಂಬಂಥ ಸಣ್ಣ ಸಂಗತಿಗಳು ಅಲ್ಲಿಯೇ ತೀರ್ಮಾನ ಆಗುವುದರಿಂದ ನಗುವಂಥದ್ದೇನೂ ಇಲ್ಲ. ರಾಮನವಮಿಯ ಚೆನ್ನಪಟ್ಟಣ ಹನುಮಂತನ ತೇರಿಗೆ ದೇವಸ್ಥಾನದವರು ಮುಸ್ಲಿಂ ಮನೆತನಕ್ಕೆ ಹೋಗಿ ವೀಳ್ಯ ಕೊಟ್ಟು ಕರೆಯುವ ರೂಢಿ ಯಾವ ಶಾಂತಿಸಭೆಗಿಂತಲೂ ಹಳೆಯದು.

ಗ್ರಾಮಸಭೆ: ಖಾಲಿ ಕುರ್ಚಿಗೆ ಎಷ್ಟು ಬೆಲೆ?

ವರ್ಷಕ್ಕೆ ಕನಿಷ್ಠ ಎರಡು ಸಲ ಗ್ರಾಮಸಭೆ ಕರೆಯಲೇಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸದಸ್ಯರೇ, ಯಾರೂ ಕರೆಯೋಲೆ ಕೊಡಬೇಕಾಗಿಲ್ಲ. ಕೋರಂ ಎಂದರೆ ಒಟ್ಟು ಸದಸ್ಯರಲ್ಲಿ ಹತ್ತರಲ್ಲೊಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಆದಷ್ಟು ಮಟ್ಟಿಗೆ ಪ್ರತಿ ವಾರ್ಡಿನಿಂದ ಹತ್ತು ಜನ, ಬಂದವರಲ್ಲಿ ನೂರಕ್ಕೆ ಮೂವತ್ತು ಹೆಂಗಸರು ಇರಬೇಕು.

ಆಶ್ರಯ ಮನೆ ಯಾರಿಗೆ, ಯಾವ ಕೇರಿಯ ರಸ್ತೆ ಮೊದಲು, ಬಾವಿ ಯಾರ ಜಾಗದಲ್ಲಿ ಎಂಬ ಪಟ್ಟಿ ಮಂಜೂರಾಗುವುದು ಇಲ್ಲಿ. "ಸಭೆಗ್ ಹೋಗಿ ಎಂತ ಮಾಡುದು, ಎಲ್ಲ ಮೊದ್ಲೇ ಬರ್ದ್ ಇಟ್ಟಿರ್ತಾರೆ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಮೊದಲೇ ಬರೆದಿಡಲು ಆಗುವುದು ಯಾರೂ ಬರುವುದಿಲ್ಲ ಎಂಬ ಧೈರ್ಯದಿಂದಲೇ. ನಾಲ್ಕು ಜನ ನಡಾವಳಿ ಪುಸ್ತಕ ಓದಿ ಹೇಳಿ ಎಂದು ಕೇಳಿದ ದಿನ ಸಭೆಯ ದನಿ ಬದಲಾಗುತ್ತದೆ. ಅದೇ ರೀತಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುವ ಜಮಾಬಂದಿ. ಹಿಂದಿನ ವರ್ಷದ ಖರ್ಚಿನ ಲೆಕ್ಕ, ಕಾಮಗಾರಿ ಕಡತ ಎಲ್ಲ ಊರವರ ಎದುರಿಗೆ ಇಡಬೇಕು. ಚರಂಡಿ ಕಟ್ಟಿದ್ದೇವೆ ಎಂದು ಬರೆದಿದ್ದರೆ ಎದ್ದು ಹೋಗಿ ನೋಡಿ ಬರಬಹುದು.

ಹಣಕಾಸು ಆಯೋಗದ ಅನುದಾನಕ್ಕೂ ಕಟ್ಟುಪಾಡಿದೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಬಂದದ್ದರಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕು, ಉಳಿದ 40 ಊರಿನ ಬೇರೆ ಅಗತ್ಯಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗೆ ಉಪ್ಪುನೀರು ನುಗ್ಗುವ ಕರಾವಳಿ ಕೇರಿಗಳವರು ಈ 60ರ ಲೆಕ್ಕವನ್ನೇ ಕೇಳಬೇಕು.

ಎಲ್ಲಕ್ಕಿಂತ ದೊಡ್ಡದು ಅರಣ್ಯಭೂಮಿಯ ಪ್ರಶ್ನೆ. ಜಿಲ್ಲೆಯ ಸುಮಾರು ಎಂಬತ್ತು ಭಾಗ ಅರಣ್ಯ. ಮನೆ, ತೋಟ ಮಾಡಿಕೊಂಡು ತಲೆಮಾರು ಕಳೆದರೂ ಕಾಗದದಲ್ಲಿ ಅತಿಕ್ರಮಣದಾರ ಎನಿಸಿಕೊಂಡ ಸಾವಿರಾರು ಕುಟುಂಬಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿಯ ಮೊದಲ ಮೆಟ್ಟಿಲು ಗ್ರಾಮಸಭೆಯೇ ಹೊರತು ಅರಣ್ಯ ಇಲಾಖೆ ಅಲ್ಲ. ಗ್ರಾಮಸಭೆ ಆರಿಸಿದ ಹತ್ತರಿಂದ ಹದಿನೈದು ಜನರ ಅರಣ್ಯ ಹಕ್ಕು ಸಮಿತಿ ಅರ್ಜಿ ತೆಗೆದುಕೊಳ್ಳಬೇಕು, ಜಾಗ ನೋಡಬೇಕು, ನಕ್ಷೆ ಮಾಡಬೇಕು. ಆಮೇಲೆ ಸಹಾಯಕ ಆಯುಕ್ತರ ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾಧಿಕಾರಿಗಳ ಸಮಿತಿ. ಭಟ್ಕಳ, ಹೊನ್ನಾವರದವರಿಗೆ ಭಟ್ಕಳದ ಎಸಿ ಕಚೇರಿ, ಕುಮಟಾದವರಿಗೆ ಕುಮಟಾ ಎಸಿ ಕಚೇರಿ.

2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಅನುಭವ ಇರಬೇಕು, ನಾಲ್ಕು ಹೆಕ್ಟೇರ್ ಮೀರಬಾರದು ಎಂಬುದು ಎಲ್ಲರಿಗೂ ಒಂದೇ. ಗೊಂಡರಂಥ ಪರಿಶಿಷ್ಟ ಪಂಗಡದವರಿಗೆ ಇಷ್ಟು ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳಿಗೆ ಆ ತಾರೀಖಿಗಿಂತ ಮೂರು ತಲೆಮಾರು, ಅಂದರೆ 75 ವರ್ಷ ಹಿಂದಿನಿಂದ ಅಲ್ಲಿ ವಾಸ ಇದ್ದದ್ದಕ್ಕೆ ಸಾಕ್ಷ್ಯ ಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಆ ಕಾಲದಲ್ಲಿ ಮಣ್ಣಿನ ಗೋಡೆ, ಸೋಗೆ ಮಾಡಿನ ಮನೆಯಲ್ಲಿದ್ದವರ ಕೈಯಲ್ಲಿ ಯಾವ ಕಾಗದ ಇರಲು ಸಾಧ್ಯ? ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಇಷ್ಟು ವರ್ಷ ಹೋರಾಡುತ್ತಿರುವುದಕ್ಕೆ ಇದೂ ಒಂದು ಕಾರಣ. ಜಿಲ್ಲೆಯಲ್ಲಿ ಹೆಚ್ಚಿನ ಅರ್ಜಿಗಳು ತಿರಸ್ಕೃತವಾದದ್ದು ಈ 75 ವರ್ಷದ ಕಲ್ಲಿಗೆ ಎಡವಿಯೇ.

ನಿಯಮದಲ್ಲಿ ಇರುವುದನ್ನು ಅರ್ಜಿದಾರರಿಗೆ ಯಾರೂ ಹೇಳುವುದಿಲ್ಲ. ಇಂಥದ್ದೇ ದಾಖಲೆ ಬೇಕು ಎಂದು ಸಮಿತಿ ಹಟ ಹಿಡಿಯುವಂತಿಲ್ಲ. ಊರಿನ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ನೆಟ್ಟ ಮರ ಇವೂ ಸಾಕ್ಷ್ಯವೇ. ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು, ಅದಕ್ಕಿಂತ ಮೊದಲು ಅರ್ಜಿದಾರರ ಮಾತು ಕೇಳಬೇಕು. ಗ್ರಾಮಸಭೆ ತಿರಸ್ಕರಿಸಿದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ. ಇದಕ್ಕಾಗಿ ಕರೆಯುವ ಗ್ರಾಮಸಭೆಯ ಕೋರಂ ಬೇರೆ: ಸದಸ್ಯರಲ್ಲಿ ಅರ್ಧ ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಕ್ಕಿನ ಠರಾವಿಗೆ ಅರ್ಜಿದಾರರಲ್ಲಿ ಅರ್ಧದಷ್ಟಾದರೂ ಹಾಜರಿರಬೇಕು. ಪಕ್ಕದ ಮನೆಯವನ ಅರ್ಜಿ ಬಿದ್ದುಹೋಗಲು ನೀವು ಆ ದಿನ ಸಂತೆಗೆ ಹೋಗಿದ್ದೇ ಸಾಕು.

ಅಂಗಡಿಯವರಿಗೆ

ಪಂಚಾಯ್ತಿ ಹದ್ದಿನಲ್ಲಿ ಹೋಟೆಲ್, ಖಾನಾವಳಿ, ಬೇಕರಿ, ಲಾಡ್ಜ್, ಸೋಡಾ ಮತ್ತು ಐಸ್ ತಯಾರಿಕೆಗೆ ಪಂಚಾಯ್ತಿ ಲೈಸನ್ಸ್ ಬೇಕು ಎಂದು ಕಾಯ್ದೆಯೇ ಹೆಸರಿಟ್ಟು ಹೇಳುತ್ತದೆ. ಬಂದರು ಬದಿಯ ಐಸ್ ಫ್ಯಾಕ್ಟರಿಗಳೂ ಇದರಲ್ಲಿ ಬಂದವು. ಮನೆ ಅಥವಾ ಅಂಗಡಿ ಜಾಗದ ದಾಖಲೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವು ಇಲ್ಲದೇ ನೋಂದಣಿ, ಬ್ಯಾಂಕ್ ಸಾಲ ಎರಡೂ ನಿಲ್ಲುತ್ತವೆ. ಕೈಬರಹದ ಹಳೇ ನಕಲು ಇಟ್ಟುಕೊಂಡು ಕೂತವರು ಜಾಗ ಮಾರುವ ಹೊತ್ತಿಗೆ ಎಚ್ಚರಗೊಳ್ಳುವುದು ಮಾಮೂಲಿ.

ಜಾಲಿ, ಮಂಕಿ ಇವೆರಡೂ ಪಟ್ಟಣ ಪಂಚಾಯ್ತಿಗಳಾಗಿವೆ. ಜನಸಂಖ್ಯೆ ಹತ್ತರಿಂದ ಇಪ್ಪತ್ತು ಸಾವಿರದೊಳಗೆ ಇದ್ದು, ಬೇಸಾಯ ಬಿಟ್ಟು ಬೇರೆ ಕಸುಬಿನವರು ಹೆಚ್ಚಿದ್ದರೆ ಪಟ್ಟಣ ಪಂಚಾಯ್ತಿ ಮಾಡಬಹುದು. ಬೋರ್ಡ್ ಬದಲಾದರೆ ಮುಖ್ಯಾಧಿಕಾರಿ, ಇಂಜಿನಿಯರ್ ಬರುತ್ತಾರೆ, ನಗರದ ಅನುದಾನ ಬರುತ್ತದೆ. ತೆರಿಗೆಯ ಲೆಕ್ಕವೂ ಬದಲಾಗುತ್ತದೆ, ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ, ಗ್ರಾಮಸಭೆ ಎಂಬುದೇ ಇಲ್ಲವಾಗುತ್ತದೆ. ಹೆದ್ದಾರಿ ಬದಿ ಅಂಗಡಿ ಇದ್ದವನಿಗೆ ಲಾಭ ಕಂಡರೆ, ಅದೇ ಊರಿನ ಗುಡ್ಡದ ಬುಡದ ಕೂಲಿಯವಳಿಗೆ ನಷ್ಟ. ಪೇಟೆಗೆ ಅಂಟಿಕೊಂಡ ಉಳಿದ ಪಂಚಾಯ್ತಿಗಳವರು ಮೇಲ್ದರ್ಜೆ ಎಂಬ ಮಾತು ಕೇಳಿದಾಗ ಎರಡನ್ನೂ ತೂಗಿ ನೋಡುವುದು ಒಳ್ಳೆಯದು.

ಪುರಸಭೆಯ ಮಳಿಗೆಗಳ ಸಂಗತಿ ಭಟ್ಕಳ ಮರೆಯುವಂಥದ್ದಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಮಳಿಗೆ ತೆರವಿನ ವೇಳೆ ಬಾಡಿಗೆದಾರರೊಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು, ಬದುಕಲಿಲ್ಲ. ಅವಧಿ ಮುಗಿದ ಮಳಿಗೆಗೆ ಬಹಿರಂಗ ಹರಾಜು ಎಂಬುದು ನಿಯಮ. ಅಜ್ಜನಿಂದ ಬಂದ ಅಂಗಡಿ ತಮ್ಮದೇ ಎಂಬುದು ವರ್ಷಾನುಗಟ್ಟಲೆ ಕೂತವರ ನಂಬಿಕೆ. ಇವೆರಡರ ನಡುವೆ ಮಾತುಕತೆ ಆಗಬೇಕಾದ್ದು ಅವಧಿ ಮುಗಿಯುವ ಎರಡು ವರ್ಷ ಮೊದಲು, ಪೊಲೀಸರು ಬಾಗಿಲಿಗೆ ಬಂದ ದಿನ ಅಲ್ಲ. ಕರಾರುಪತ್ರದಲ್ಲಿ ಕೊನೆಯ ತಾರೀಖು ಏನಿದೆ ಎಂದು ಇವತ್ತೇ ತೆಗೆದು ನೋಡಬೇಕಾದವರು ಮೂರೂ ಪೇಟೆಗಳಲ್ಲಿ ಇದ್ದಾರೆ.

ಮೇಲಿನ ಮೆಟ್ಟಿಲುಗಳು

ತಾಲೂಕು ಮತ್ತು ಜಿಲ್ಲಾ ಪಂಚಾಯ್ತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು, ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳಿದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಹೋದವು, ಆಡಳಿತಾಧಿಕಾರಿಗಳೇ ನಡೆಸಿದರು. ಶಾಲೆಯ ಮಾಡು ಸೋರುತ್ತದೆ, ಒಳರಸ್ತೆ ಕಿತ್ತುಹೋಗಿದೆ ಎಂದು ಹೇಳಿಕೊಳ್ಳಲು ಹೋಬಳಿಗೊಬ್ಬ ಸದಸ್ಯನೂ ಇಲ್ಲದೇ ಎಲ್ಲ ಭಾರ ಶಾಸಕರ ಮನೆ ಬಾಗಿಲಿಗೆ ಬಿತ್ತು. ಶಾಸಕರಿಗೆ ಇದು ಒಳಗೊಳಗೇ ಅನುಕೂಲವೇ.

ಹೊನ್ನಾವರ ತಾಲೂಕಂತೂ ಭಟ್ಕಳ ಮತ್ತು ಕುಮಟಾ ಕ್ಷೇತ್ರಗಳಿಗೆ ಹಂಚಿಹೋಗಿದೆ. ಹೊನ್ನಾವರ ಪೇಟೆಯವರು ಕುಮಟಾ ಶಾಸಕರನ್ನು, ಮಂಕಿ ಕಡೆಯವರು ಭಟ್ಕಳ ಶಾಸಕರನ್ನು ಕಾಣಬೇಕು. ಭಟ್ಕಳದಲ್ಲಿ 2013ರಲ್ಲಿ ಪಕ್ಷೇತರರಾಗಿ ಗೆದ್ದ ಮಂಕಾಳ ವೈದ್ಯ 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಮೀನುಗಾರಿಕೆ ಸಚಿವರಾದರು. ಕುಮಟಾದಲ್ಲಿ ಅದೇ ಸಲ ದಿನಕರ ಶೆಟ್ಟಿ ಗೆದ್ದ ಅಂತರ ಏಳುನೂರು ಮತಕ್ಕೂ ಕಡಿಮೆ. ನಾಲ್ಕು ಕೇರಿ ಆ ಕಡೆ ಈ ಕಡೆ ಆಗಿದ್ದರೆ ಫಲಿತಾಂಶ ಬೇರೆ. ಲೋಕಸಭೆಗೆ ಖಾನಾಪುರ, ಕಿತ್ತೂರು ಸೇರಿಕೊಂಡ ದೊಡ್ಡ ಕ್ಷೇತ್ರ. ಚುಟುಕು ಕವಿ ಎಂದೇ ಹೆಸರಾದ, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ಕೊಟ್ಟ ದಿನಕರ ದೇಸಾಯಿ 1967ರಲ್ಲಿ ಇಲ್ಲಿಂದಲೇ ಸಂಸತ್ತಿಗೆ ಹೋದವರು.

ಮಳೆಗಾಲದಲ್ಲಿ ಈ ಯಾವ ಮೆಟ್ಟಿಲೂ ಲೆಕ್ಕಕ್ಕೆ ಬರುವುದಿಲ್ಲ. 2022ರ ಆಗಸ್ಟ್ 2ರ ಮಳೆಗೆ ಭಟ್ಕಳ ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಇಂಥ ಹೊತ್ತಿನಲ್ಲಿ ಮೊದಲು ಓಡಿ ಬರುವವರು ಅಕ್ಕಪಕ್ಕದವರು, ಸಂಘದ ಹುಡುಗರು, ವಾರ್ಡಿನ ಸದಸ್ಯ. ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ, ಹಳ್ಳದ ನೀರು ಹೋಗುವ ದಾರಿಗೆ ಮಣ್ಣು ತುಂಬಿದ ಕಡೆ ಅಪಾಯ ಹೆಚ್ಚು. ಮನೆ ಕಟ್ಟುವ ಪರವಾನಿಗೆ ಕೊಡುವುದು ಪಂಚಾಯ್ತಿ. ತೋಡು ಮುಚ್ಚಿದ್ದಕ್ಕೆ ದೂರು ಕೊಡಬೇಕಾದದ್ದೂ ಮೊದಲು ಅಲ್ಲೇ, ಮೇ ತಿಂಗಳ ಒಳಗೆ, ಬರಹದಲ್ಲಿ.

ದೂರು, ಅರ್ಜಿ ಯಾವುದೇ ಇರಲಿ, ಸ್ವೀಕೃತಿ ಸಹಿ ಇರುವ ನಕಲು ಮನೆಯಲ್ಲಿ ಇರಬೇಕು. ಸಕಾಲ ಸೇವೆಯಲ್ಲಿ ಬರುವ ಕೆಲಸಕ್ಕೆ ಜಿಎಸ್‌ಸಿ ನಂಬರ್ ಕೇಳಿ ಪಡೆಯಬೇಕು, ಇಷ್ಟು ದಿನದೊಳಗೆ ಎಂಬ ಗಡುವು ಓಡಲು ಶುರುವಾಗುವುದು ಆ ನಂಬರಿನಿಂದ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ: ಹತ್ತು ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ ಮೀರಬಾರದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಪಂಚಾಯ್ತಿಗೆ ಸಂಬಂಧಿಸಿದ್ದಾದರೆ ಪಿಡಿಒಗೆ ಕೊಡಬೇಕು. 30 ದಿನದಲ್ಲಿ ಉತ್ತರ ಸಿಗದಿದ್ದರೆ ತಾಲೂಕು ಪಂಚಾಯ್ತಿ ಕಾರ್ಯನಿರ್ವಹಣಾಧಿಕಾರಿಗೆ ಮೊದಲ ಮೇಲ್ಮನವಿ. ಬೆಳಕೆಯ ಬೀದಿದೀಪಕ್ಕೂ ಇದೇ ದಾರಿ: ಬಲ್ಬಿಗೆ ಪಂಚಾಯ್ತಿ, ತಂತಿಗೆ ಹೆಸ್ಕಾಂ ಶಾಖಾ ಕಚೇರಿ. ಕಂಬದ ಮೇಲೆ ಬರೆದಿರುವ ನಂಬರ್ ಅರ್ಜಿಯಲ್ಲಿ ಬರೆದರೆ ಲೈನ್‌ಮ್ಯಾನ್ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ.